ಕೋಡಿಯ ಕುಶಲತೆ

ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಯನ್ನು ಸೇರುವ ಸುವರ್ಣಾವತಿಯ ಬಯಲಿನಲ್ಲಿ, ಯಳಂದೂರು ಸೀಮೆಯಲ್ಲಿ, ನೆರೆಯನ್ನು ಪಳಗಿಸಿದ ಅಪೂರ್ವ ಕೌಶಲವೆಂದರೆ ಕೆರೆಯ ಕೋಡಿ. ಏರಿಗಿಂತ ತಗ್ಗಾಗಿ, ಗಟ್ಟಿ ನೆಲ ನೋಡಿ, ಕಲ್ಲು ಹಾಸಿ ಕಟ್ಟುವ ಈ ಹೊರದಾರಿಯು ಕೆರೆ ತುಂಬಿದೊಡನೆ ಹೆಚ್ಚುವರಿ ನೀರನ್ನು ಹಳ್ಳಕ್ಕಿಳಿಸಿ, ಅಲ್ಲಿಂದ ಕೆಳಗಿನ ಕೆರೆಗೆ ಒಪ್ಪಿಸುವುದರಿಂದ, ಒಂದೇ ಮಳೆಯ ರಭಸವು ಹಲವು ಕೆರೆಗಳಲ್ಲಿ ಹಂಚಿಹೋಗುತ್ತದೆ. ತೂಬನ್ನು, ಎಂದರೆ ಏರಿಯಡಿಯ ನೀರಗಂಡಿಯನ್ನು, ಹದವರಿತು ತೆರೆದು ಮುಚ್ಚುತ್ತಿದ್ದ ನೀರುಗಂಟಿಯ ಅನುಭವವು ನಿಜವಾದ ವಿದ್ಯೆಯೇ ಸರಿ. ಹನೂರಿನ ಕಡೆಯ ಹಳ್ಳಗಳು ವರ್ಷದ ಬಹುಭಾಗ ಒಣಗಿದ್ದು, ಒಂದು ರಾತ್ರಿಯ ಮಳೆಗೇ ಭೋರ್ಗರೆಯುವುದರಿಂದ, ಅಲ್ಲಿ ದಡದ ಹೊಂಗೆ, ಹೊಳೆಮತ್ತಿ, ಬಿದಿರುಗಳ ಬೇರುಗಳೇ ಮಣ್ಣನ್ನು ಹಿಡಿದಿಡುತ್ತವೆ. ಕಾವೇರಿಯ ನೆರೆಯಾದರೋ ಬೇರೆ ಬಗೆಯದು: ಮೇಲಿನ ಜಲಾಶಯಗಳಿಂದ ಬಿಟ್ಟ ನೀರು 2018ರಲ್ಲಿ ದಾಸನಪುರ, ಮುಳ್ಳೂರುಗಳನ್ನು ಬಾಧಿಸಿ, ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗವನ್ನು ಕೊಚ್ಚಿಕೊಂಡುಹೋಯಿತು; ಅಂಥ ನೆರೆಯನ್ನು ಕೋಡಿ ತಡೆಯಲಾರದು. ಊರ ಹಳ್ಳದ ನೆರೆ ಮಾತ್ರ ಬಹುಮಟ್ಟಿಗೆ ಊರವರ ಕೈಯಲ್ಲಿದೆ. ಜಮೀನುದಾರರು ಕೆರೆಯಿಂದ ಕೆರೆಗೆ ನೀರು ಹರಿಯುವ ಕಾಲುವೆಯನ್ನು ಒತ್ತುವರಿ ಮಾಡದೆ ಬಿಡಬೇಕು. ಗ್ರಾಮ ಪಂಚಾಯಿತಿಗಳು ಮಳೆಗಾಲಕ್ಕೆ ಮೊದಲೇ ಹೂಳೆತ್ತಿಸಿ, ಕೋಡಿಯ ಬಾಯನ್ನು ತೆರವುಗೊಳಿಸಬೇಕು.