ಪಿಯಾನೊ ಇಲ್ಲದ ಜಾಝ್

ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ ತ್ರಯ 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಜಾಝ್ ಕ್ಲಬ್ಬಿನಲ್ಲಿ ನುಡಿಸಿದ್ದನ್ನು ಕೇಳಿದವರಿಗೆ ಜಾಝ್ ಅಂದರೆ ಪಿಯಾನೊ, ಬಾಸ್, ಡ್ರಮ್ಸ್. ನನಗೆ ಮಾತ್ರ ಈ ಮೂರೂ ಇಲ್ಲದ ‘ಜ್ಯೋತಿ’ಯೇ ಹೆಚ್ಚು ಹತ್ತಿರ. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಗಾಗಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಜೊತೆ ಮಾಡಿದ ಆಲ್ಬಮ್ ಅದು. ಸ್ಟುಡಿಯೊದ್ದೇ ಹೌದು, ಆದರೂ ಕಛೇರಿಯ ಕಾವು ಆರಿಲ್ಲ.

ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ, ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ. ಜೊತೆಗೆ ಕೊನ್ನಕ್ಕೋಲ್: ಬಾಯಲ್ಲೇ ತಕಧಿಮಿ ಹೇಳುತ್ತ ಲೆಕ್ಕ ಹೆಣೆಯುವ ವಿದ್ಯೆ. ಆರ್.ಎ. ರಾಮಮಣಿ ಅವರ ದನಿ ಇವೆಲ್ಲವನ್ನೂ ಕಟ್ಟಿಹಾಕುತ್ತದೆ. ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್‌ನ ತಂಡದಲ್ಲಿ ನುಡಿಸಿದ್ದ, ಭಾರತಕ್ಕೆ ಬಂದು ನಾಗಸ್ವರ ಕಲಿತಿದ್ದ ಮರಿಯಾನೊ ಇಲ್ಲಿ ಮೆರೆಯಲು ಹೋಗುವುದಿಲ್ಲ. ಹಾಡಿನ ಪಕ್ಕದಲ್ಲಿ ಕೂರುತ್ತಾನೆ, ಜಾಗ ಸಿಕ್ಕಾಗ ಎತ್ತಿಕೊಳ್ಳುತ್ತಾನೆ. ‘ಫ್ಯೂಷನ್’ ಹೆಸರಲ್ಲಿ ಬರುವ ಗದ್ದಲ ನನಗೆ ಅಷ್ಟಕ್ಕಷ್ಟೇ. ಇಲ್ಲಿ ಯಾರೂ ಯಾರ ಮೇಲೂ ಬೀಳುವುದಿಲ್ಲ.

ಕೊನೆಯ ರಚನೆಯ ಹೆಸರು ‘ಭಜನ್’. ಕದರಮಂಡಲಗಿಯ ಹನುಮ, ಕಾಂತೇಶನ ಸನ್ನಿಧಿಯಲ್ಲಿ ಭಜನೆಗೆ ತಾಳ ಹಾಕಿ ಬೆಳೆದ ಕಿವಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಒಂದೇ ವಿನಂತಿ: ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ, ಖಂಜಿರದ ಗುಂಕಾರ ಅದರಲ್ಲಿ ಪೂರ್ತಿ ಸತ್ತೇಹೋಗುತ್ತದೆ.