ಟರ್ಬೊ ಹತ್ತುವ ಮುನ್ನಿನ ಎರಡು ಸೆಕೆಂಡು

ಕಬ್ಬಿನ ಹಂಗಾಮಿನಲ್ಲಿ ಬೈಲಹೊಂಗಲದಿಂದ ಸವದತ್ತಿಯ ಕಡೆಗೆ ಹೊರಟರೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಮುಂದೆ ಸಿಕ್ಕೇ ಸಿಗುತ್ತದೆ. ಅದರ ಬೆನ್ನಿಗೆ ಕಾರು ನಾಲ್ಕನೇ ಗೇರಿನಲ್ಲಿ ತೆವಳುತ್ತಿರುತ್ತದೆ. ರಸ್ತೆ ಖಾಲಿ ಕಂಡೊಡನೆ ಚಾಲಕ ಬಲಕ್ಕೆ ಹೊರಳಿ ಆಕ್ಸಿಲರೇಟರ್ ಒತ್ತುತ್ತಾನೆ. ಕಾರು ಏಳುವುದಿಲ್ಲ. ಒಂದೆರಡು ಸೆಕೆಂಡು ಕಳೆದ ಮೇಲೆ ಯಾರೋ ಹಿಂದಿನಿಂದ ನೂಕಿದಂತೆ ಒಮ್ಮೆಲೇ ನುಗ್ಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡೆಂದರೆ 22 ಮೀಟರ್. ಎದುರಿನಿಂದ 80ರ ವೇಗದಲ್ಲಿ ಒಂದು ಕ್ರೂಸರ್ ಬರುತ್ತಿದ್ದರೆ ಅಷ್ಟರಲ್ಲಿ ಅದೂ 44 ಮೀಟರ್ ಮುಂದೆ ಬಂದಿರುತ್ತದೆ.

ಇದಕ್ಕೆ ಎಲ್ಲರೂ ಕೊಡುವ ಹೆಸರು ಟರ್ಬೊ ಲ್ಯಾಗ್. ಆದರೆ ಈ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ದೋಷಗಳಿವೆ. ಅವನ್ನು ಬಿಡಿಸಿ ನೋಡದೆ ಯಾವ ಪರಿಹಾರಕ್ಕೂ ಬೆಲೆ ಕಟ್ಟಲಾಗದು.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ಸರಳವಾದದ್ದು. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ದಾರಿಯಲ್ಲಿ ಒಂದು ಟರ್ಬೈನ್ ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಎಂಜಿನ್ ತೀರಾ ನಿಧಾನವಾಗಿ ತಿರುಗುತ್ತಿದ್ದರೆ ಹೊಗೆಯೇ ಸಾಲದು. ಎಷ್ಟು ಹೊತ್ತು ಕಾದರೂ ಟರ್ಬೊ ಹತ್ತುವುದಿಲ್ಲ. ಇದು ಮೊದಲ ದೋಷ. ಹೊಗೆ ಸಾಕಷ್ಟಿದ್ದರೂ ಚಕ್ರ ವೇಗ ಪಡೆಯಲು ಹೊತ್ತು ಬೇಕು. ಇದು ಎರಡನೆಯದು, ನಿಜವಾದ ಲ್ಯಾಗ್. ಬೈಲಹೊಂಗಲದ ಪೇಟೆಯಲ್ಲಿ ಸತ್ತಂತಿರುವ ಕಾರು ಕಿತ್ತೂರಿನ ಬಳಿ ರಾಷ್ಟ್ರೀಯ ಹೆದ್ದಾರಿ 48 ಸೇರಿ ವೇಗ ಹಿಡಿದ ಮೇಲೆ ಚುರುಕಾಗುವುದೇಕೆ? ಅಲ್ಲಿ ಎಂಜಿನ್ ಮೊದಲ ದೋಷದ ಗಡಿಯನ್ನು ದಾಟಿರುತ್ತದೆ.

ನಮ್ಮ ರಸ್ತೆಗಳಲ್ಲಿ ಈ ಪಾಠ ಕಲಿಸಿದ್ದು ಫಿಯೆಟ್‌ನ 1.3 ಲೀಟರಿನ ಮಲ್ಟಿಜೆಟ್ ಡೀಸೆಲ್. ಮಾರುತಿ ಸ್ವಿಫ್ಟ್, ಟಾಟಾ ಇಂಡಿಕಾ ವಿಸ್ಟಾ, ಫಿಯೆಟ್ ಪುಂಟೊ ಮೂರರ ಎದೆಯಲ್ಲೂ ಇದ್ದದ್ದು ಈ 1248 ಸಿಸಿ ಎಂಜಿನ್. ಸ್ವಿಫ್ಟ್‌ನಲ್ಲಿ ಇದರ 190 ಎನ್‌ಎಂ ಟಾರ್ಕ್ ಸಿಗುತ್ತಿದ್ದದ್ದು 2000 ಆರ್‌ಪಿಎಂನಲ್ಲಿ. ಮೈಲೇಜಿನಲ್ಲಿ ಮನೆಮಾತಾದ ಎಂಜಿನ್ ಆ ಸಂಖ್ಯೆಯ ಕೆಳಗೆ ಮಂಕಾಗುತ್ತಿತ್ತು. 2012ರ ಎರ್ಟಿಗಾದಲ್ಲಿ ಇದೇ ಎಂಜಿನ್ನಿಗೆ ವಿಜಿಟಿ ಬಂತು. ಟರ್ಬೈನಿನ ಸುತ್ತ ಓರೆಯಾಗಿ ಹೊರಳುವ ಸಣ್ಣ ರೆಕ್ಕೆಗಳಿವು. ಹೊಗೆ ಕಡಿಮೆ ಇದ್ದಾಗ ದಾರಿಯನ್ನು ಕಿರಿದಾಗಿಸಿ ಅದನ್ನು ಬಿರುಸಾಗಿ ಚಿಮ್ಮಿಸುತ್ತವೆ. ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ ತೋಟಕ್ಕೆ ನೀರು ಹಾರಿಸಿದಂತೆ. ಟಾರ್ಕ್ 200 ಎನ್‌ಎಂ ಆಯಿತು, ಅದು ಸಿಗುವ ಆರ್‌ಪಿಎಂ 1750ಕ್ಕೆ ಇಳಿಯಿತು. ಒಳ್ಳೆಯ ಸುಧಾರಣೆ, ಆದರೆ ಅರ್ಧ. ಪುಟ್ಟ ಎಂಜಿನ್ 1200 ಆರ್‌ಪಿಎಂನಲ್ಲಿ ಉಗುಳುವ ಹೊಗೆಯೇ ಅಷ್ಟಕ್ಕಷ್ಟೆ. ರೆಕ್ಕೆಗಳು ಎಷ್ಟೆಂದು ಚಿಮ್ಮಿಸಿಯಾವು?

ಅದೇ ವಿದ್ಯೆ ದೊಡ್ಡ ಎಂಜಿನ್ನಿಗೆ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕ್ರಿಸ್ಟಾ ಸಾಕ್ಷಿ. 2016ರಲ್ಲಿ ಬಂದ ಇದರ 2.4 ಲೀಟರ್ ಡೀಸೆಲ್, ಮ್ಯಾನುಯಲ್ ಗೇರಿನ ಮಾದರಿಯಲ್ಲಿ 343 ಎನ್‌ಎಂ ಟಾರ್ಕನ್ನು 1400 ಆರ್‌ಪಿಎಂನಿಂದಲೇ ಕೊಡುತ್ತದೆ. ಏಳು ಮಂದಿಯನ್ನು ಕೂರಿಸಿಕೊಂಡು ಗುಡ್ಡ ಏರುವವರಿಗೆ ಬೇಕಾದದ್ದು ಇದೇ.

ಪೆಟ್ರೋಲಿನಲ್ಲಿ ದಾರಿ ಬೇರೆ. ಟರ್ಬೊವನ್ನೇ ಚಿಕ್ಕದಾಗಿಸಿದರೆ ಹಗುರ ಚಕ್ರ ಬೇಗ ತಿರುಗುತ್ತದೆ. ಸ್ವೀಡನ್ನಿನ ಸಾಬ್ ಕಂಪನಿ 1970ರ ದಶಕದಲ್ಲೇ 99 ಟರ್ಬೊ ಕಾರಿನಲ್ಲಿ ಇದನ್ನು ಮಾಡಿ ತೋರಿಸಿತ್ತು. ಹುಂಡೈ ವೆನ್ಯೂದ 1 ಲೀಟರ್ ಟರ್ಬೊ 172 ಎನ್‌ಎಂ ಟಾರ್ಕನ್ನು 1500ರಿಂದ ಕೊಡುವುದು ಈ ಜಾಡಿನ ಮೆಚ್ಚತಕ್ಕ ಸಾಧನೆ. 2023ರ ಮಾರುತಿ ಫ್ರಾಂಕ್ಸ್‌ನ ಟರ್ಬೊ ಎಂಜಿನ್ನಿಗೆ ಸಣ್ಣ ವಿದ್ಯುತ್ ಮೋಟಾರಿನ ಆಸರೆಯೂ ಇದೆ. ಆಡಿ ಎಸ್‌ಕ್ಯೂ7 ಎಂಬ ಡೀಸೆಲ್ ಕಾರು 2016ರಲ್ಲಿ ಗಾಳಿಯನ್ನೇ ವಿದ್ಯುತ್ತಿನಿಂದ ಒತ್ತುವ ಕಂಪ್ರೆಸರ್ ತಂದಿತು. ಅದು ಎಚ್ಚರಾಗಲು ಕಾಲು ಸೆಕೆಂಡು ಸಾಕು. ಎರಡೂ ದೋಷಗಳನ್ನು ಬೇರಿನಿಂದ ಕೀಳುವ ಮದ್ದು ಇದೇ, ಬೆಲೆ ಮಾತ್ರ ನಮ್ಮ ಸಂತೆಗೆ ನಿಲುಕದ್ದು.

ನಿಲುಕುವಂತೆ ಕಾಣುವ ರೀಮ್ಯಾಪ್ ಬಗ್ಗೆ ಎಚ್ಚರ ಬೇಕು. ಕಂಪ್ಯೂಟರಿನಲ್ಲಿ ಇಂಧನದ ಲೆಕ್ಕ ಏರಿಸಿದ ಮಾತ್ರಕ್ಕೆ 1200 ಆರ್‌ಪಿಎಂನಲ್ಲಿ ಇಲ್ಲದ ಗಾಳಿ ಹುಟ್ಟುವುದಿಲ್ಲ. ಗಾಳಿ ಸಾಲದ ಡೀಸೆಲ್ ಕಪ್ಪು ಹೊಗೆಯಾಗುತ್ತದೆ. ಬಿಎಸ್6 ಕಾರಿನಲ್ಲಿ ಆ ಮಸಿ ಫಿಲ್ಟರನ್ನು ಕಟ್ಟುತ್ತದೆ, ವಾರಂಟಿಯೂ ಹೋಗುತ್ತದೆ. ಇದ್ದಕ್ಕಿದ್ದಂತೆ ಲ್ಯಾಗ್ ಹೆಚ್ಚಿದರೆ ಮೊದಲು ನೋಡಬೇಕಾದದ್ದು ಎರೆಮಣ್ಣಿನ ಧೂಳು ತುಂಬಿದ ಏರ್ ಫಿಲ್ಟರ್, ಬಿರುಕು ಬಿಟ್ಟ ಇಂಟರ್‌ಕೂಲರ್ ಪೈಪು, ಮಸಿಗೆ ಅಂಟಿಕೊಂಡ ವಿಜಿಟಿ ರೆಕ್ಕೆ.

ಮೊದಲ ದೋಷಕ್ಕಂತೂ ದುಡ್ಡಿಲ್ಲದ ಔಷಧ ಚಾಲಕನ ಎಡಗೈಯಲ್ಲಿದೆ: ಬಲಕ್ಕೆ ಹೊರಳುವ ಮುನ್ನವೇ ಗೇರು ಇಳಿಸುವುದು. ರಾಮದುರ್ಗದ ಕಡೆಯ ಒಂಟಿ ರಸ್ತೆಯಲ್ಲಿ ಲಾರಿ ದಾಟಲು ಮೂರಕ್ಕೆ ತಂದರೆ ಆರ್‌ಪಿಎಂ 2000 ದಾಟುತ್ತದೆ, ಟರ್ಬೊ ಎಚ್ಚರವಾಗಿರುತ್ತದೆ. ಮೈಲೇಜಿನ ಆಸೆಗೆ ಮೇಲಿನ ಗೇರಿನಲ್ಲೇ ಎಳೆದಾಡಿಸುವ ರೂಢಿ ಇಲ್ಲಿ ದುಬಾರಿಯಾಗುತ್ತದೆ.

ಶೋರೂಮಿನವರು ಖಾಲಿ ಕಾರನ್ನು ಹೆದ್ದಾರಿಯಲ್ಲಿ ಓಡಿಸಿ ತೋರಿಸುತ್ತಾರೆ, ಅಶ್ವಶಕ್ತಿ ಹೇಳುತ್ತಾರೆ. ಕೊಳ್ಳುವವರು ಕೇಳಬೇಕಾದದ್ದು ಟಾರ್ಕ್ ಯಾವ ಆರ್‌ಪಿಎಂನಲ್ಲಿ ಸಿಗುತ್ತದೆ ಎಂದು. ಸಾಧ್ಯವಾದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಎಲ್ಲಮ್ಮನ ಗುಡ್ಡದ ಏರಿನಲ್ಲಿ ಕಾರನ್ನು ಪೂರ್ತಿ ನಿಧಾನಿಸಿ, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ, ಕಾರು ಏಳುವವರೆಗೆ ಎಣಿಸಿ ನೋಡಬೇಕು.