ಎಚ್‌ಬಿ 12 ಇದ್ದರೆ ಸಾಕೆ?

ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಹೋಗಿ, ಇಲ್ಲವೇ ಬಬಲೇಶ್ವರದ ಕಡೆ ಹೊರಳಿ, ಕೇಳುವ ಮಾತು ಒಂದೇ: “ಎಚ್‌ಬಿ ಹನ್ನೆರಡರ ಮ್ಯಾಲ ಅದ, ರಕ್ತ ಚಲೋ ಅದ.” ಈ ನೆಮ್ಮದಿಯನ್ನು ನಾನು ಒಪ್ಪಲಾರೆ. ಗರ್ಭಿಣಿಯಲ್ಲದ ಹೆಂಗಸರಿಗೆ ಎಚ್‌ಬಿ, ಅಂದರೆ ಹಿಮೋಗ್ಲೋಬಿನ್, 12 ಗ್ರಾಂ ಎಂಬ ಗೆರೆ ಎಳೆದದ್ದು ರಕ್ತಹೀನತೆಯನ್ನು ಗುರುತಿಸಲು, ಕಬ್ಬಿಣದ ದಾಸ್ತಾನನ್ನು ಅಳೆಯಲು ಅಲ್ಲ.

ಕೊರತೆ ಶುರುವಾದಾಗ ದೇಹ ಮೊದಲು ಖರ್ಚು ಮಾಡುವುದು ಯಕೃತ್ತು, ಗುಲ್ಮ, ಅಸ್ಥಿಮಜ್ಜೆಯಲ್ಲಿ ಕೂಡಿಟ್ಟ ಕಬ್ಬಿಣವನ್ನು. ಅದು ಬರಿದಾದ ಮೇಲೆಯೇ ಹಿಮೋಗ್ಲೋಬಿನ್ ಇಳಿಯುತ್ತದೆ. ಬುಟ್ಟಿಯಲ್ಲಿ ರೊಟ್ಟಿ ಇದೆ ಎಂದ ಮಾತ್ರಕ್ಕೆ ಹಗೇವಿನಲ್ಲಿ ಜೋಳ ಇದೆ ಎನ್ನಲಾದೀತೆ? ಹಗೇವಿನ ಲೆಕ್ಕ ಹೇಳುವುದು ಫೆರಿಟಿನ್. ರಕ್ತದಲ್ಲಿ ಅದನ್ನು ಅಳೆಯುವ ವಿಧಾನ 1972ರಿಂದಲೂ ಇದೆ. ದ್ರಾಕ್ಷಿ ತೋಟದಲ್ಲಿ ದುಡಿಯುವ, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಣ್ಣುಮಗಳೊಬ್ಬಳ ವರದಿಯಲ್ಲಿ ಎಚ್‌ಬಿ 12.2, ಫೆರಿಟಿನ್ 8 ಇದೆ ಎನ್ನಿ. ಮೊದಲ ಸಾಲನ್ನಷ್ಟೇ ಓದಿದವರು ಆಕೆಯ ಸುಸ್ತನ್ನು ಸೋಮಾರಿತನ ಎನ್ನುತ್ತಾರೆ. ಎರಡನೆಯ ಸಾಲು ಅದಕ್ಕೆ ಕಾರಣವನ್ನೇ ತೋರಿಸುತ್ತಿರಬಹುದು.

ಇದರ ಉಲ್ಟಾ ತಪ್ಪೂ ಇದೆ. 2016–18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 1ರಿಂದ 4 ವರ್ಷದ ಮಕ್ಕಳ ಪೈಕಿ ರಕ್ತಹೀನತೆ ಕಂಡದ್ದು ಶೇ 41ರಲ್ಲಿ, ಕಬ್ಬಿಣದ ಕೊರತೆ ಶೇ 32ರಲ್ಲಿ. ಬಿ12, ಫೋಲೇಟ್ ಕೊರತೆಯಿಂದಲೂ ಎಚ್‌ಬಿ ಇಳಿಯುತ್ತದೆ. ಹಾಗಾಗಿ ಎಚ್‌ಬಿ ಕಡಿಮೆ ಇದ್ದವರೆಲ್ಲರಿಗೂ ಕಬ್ಬಿಣವೊಂದೇ ಮದ್ದಲ್ಲ.

ಫೆರಿಟಿನ್ ಅನ್ನೂ ನಾನು ಕಣ್ಣುಮುಚ್ಚಿ ನಂಬುವವನಲ್ಲ. ಸೋಂಕು, ಉರಿಯೂತ ಇದ್ದಾಗ ಅದು ಏರಿ, ಖಾಲಿ ದಾಸ್ತಾನನ್ನು ಮರೆಮಾಚುತ್ತದೆ. ಅದಕ್ಕೆಂದೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಆರೋಗ್ಯವಂತ ವಯಸ್ಕರಿಗೆ 15, ಸೋಂಕು ಅಥವಾ ಉರಿಯೂತ ಇದ್ದವರಿಗೆ 70 ಮೈಕ್ರೊಗ್ರಾಂ ಎಂದು ಬೇರೆ ಬೇರೆ ಗೆರೆ ಎಳೆಯಿತು. ಜೊತೆಗೆ ಉರಿಯೂತವನ್ನು ತೋರಿಸುವ ಸಿಆರ್‌ಪಿ ನೋಡುವುದು ಲೇಸು. ಇನ್ನು ಸೀರಮ್ ಐರನ್ ಬೆಳಿಗ್ಗೆ ನುಂಗಿದ ಗುಳಿಗೆಗೇ ಏರಿಬಿಡುತ್ತದೆ; ಅದೊಂದನ್ನೇ ನೆಚ್ಚಿ ದಾಸ್ತಾನಿನ ತೀರ್ಪು ಕೊಡಲಾಗದು.

ಹಳ್ಳಿಹಳ್ಳಿಯಲ್ಲಿ ಫೆರಿಟಿನ್ ಮಾಡಿಸಲಾದೀತೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಬೆರಳು ಚುಚ್ಚಿ ಎಚ್‌ಬಿ ನೋಡುವುದು ಅಗ್ಗ, ಬೇಗ. ಸಾವಿರಾರು ಜನರನ್ನು ತಪಾಸಣೆ ಮಾಡಲು ಅದೇ ಸರಿ. ನನ್ನ ತಕರಾರು ಆ ಪರೀಕ್ಷೆಯ ಮೇಲಲ್ಲ, ಅದನ್ನೇ ಕೊನೆಯ ಮಾತಾಗಿಸುವುದರ ಮೇಲೆ. ಮುಟ್ಟಿನ ರಕ್ತಸ್ರಾವ ಹೆಚ್ಚಿರುವವರಿಗೆ, ಬಾಣಂತನದ ನಂತರವೂ ಸುಸ್ತು ಹೋಗದವರಿಗೆ ಫೆರಿಟಿನ್ ಮಾಡಿಸಲೇಬೇಕು. ಕೊರತೆಗೆ ಗುಳಿಗೆ ನುಂಗುತ್ತಿರುವವರು ಎಚ್‌ಬಿ 12 ಮುಟ್ಟಿದ ದಿನವೇ ನಿಲ್ಲಿಸಬಾರದು; ದಾಸ್ತಾನು ತುಂಬಲು ವೈದ್ಯರ ಸಲಹೆಯಂತೆ ಇನ್ನೂ ಮೂರು ತಿಂಗಳಾದರೂ ಬೇಕು.